ವಾರ್ಡಿನ ಬಾಗಿಲಲ್ಲಿ ಕೆಂಪು ಬಕೆಟ್ ಇಡುವುದರ ನಿಷೇಧ

ಸಂಖ್ಯೆ: ಆಸ್ಪ/ಕೈಕಾಲು/ಬಕೆಟ್/೦೭

ವಿಷಯ: ಔಷಧಕ್ಕೆ ಬಗ್ಗದ ಸೋಂಕಿನ ನೂತನ ಚಿಕಿತ್ಸೆ ಹಾಗೂ ಪುರುಷರ ವಾರ್ಡಿನ ಬಾಗಿಲಲ್ಲಿ ಕಂಡುಬಂದ ಒಂದು (೧) ಬಕೆಟ್ ಕುರಿತು.

ಉಲ್ಲೇಖ: ಡಾ. ಮಾನಸ ಅವರ 'ಅತಿ ತುರ್ತು' ಪತ್ರ. ಅದೇ ವಿಷಯದ ನಾಲ್ಕು ನೆನಪೋಲೆಗಳು. ಬಕೆಟ್ ಜಪ್ತಿ ಮಹಜರು.

ಹುತ್ತೂರು ಹೋಬಳಿಯ ರೇಷ್ಮೆ ಬೆಳೆಗಾರ ಸುಬ್ಬರಾಯಪ್ಪ ಎಂಬುವವರು ಹಿಪ್ಪುನೇರಳೆ ಕಡ್ಡಿ ಕಡಿಯುವಾಗ ಮಚ್ಚು ತಾಗಿ ಎಡಗಾಲಿಗೆ ಪೆಟ್ಟಾಗಿ ದಾಖಲಾಗಿರುತ್ತಾರೆ. ಮನೆಯಿಂದ ಅವರು ತಂದದ್ದು ಗಾಯವನ್ನು ಮಾತ್ರ. ಸೋಂಕನ್ನು ಆಸ್ಪತ್ರೆಯೇ ಉಚಿತವಾಗಿ ಒದಗಿಸಿತು. ಯಾವ ಆಂಟಿಬಯೋಟಿಕ್‌ಗೂ ಅದು ಜಗ್ಗದ ಕಾರಣ, ಡಾ. ಮಾನಸ ಅವರು ಓಡಾಡಿ ಅನುಮತಿ ಪಡೆದು, ಬ್ಯಾಕ್ಟೀರಿಯಾವನ್ನೇ ಹಿಡಿದು ಕೊಲ್ಲುವ ಫೇಜ್ ಎಂಬ ವೈರಸ್ಸಿನ ದ್ರಾವಣವನ್ನು ಐಸ್ ಪೆಟ್ಟಿಗೆಯಲ್ಲಿ ತರಿಸಿದರು. ಈ ಹಿನ್ನೆಲೆಯಲ್ಲಿ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ:

೧. ಸೀಸೆಯ ಚೀಟಿಯಲ್ಲಿ 'ವೈರಸ್' ಎಂದಿರುವುದು ಕಚೇರಿ ಅಧೀಕ್ಷಕ ಉಮಾಶಂಕರ್ ಅವರ ಗಮನಕ್ಕೆ ಬಂದಿದೆ. ಕೋವಿಡ್ ಕಾಲದ ಆದೇಶವನ್ನು ಯಾರೂ ವಾಪಸ್ ಪಡೆಯದಿರುವುದರಿಂದ, ಹೊರಗಿನಿಂದ ಬಂದ ಸದರಿ ವೈರಸ್ಸನ್ನು ಹದಿನಾಲ್ಕು ದಿನ ಕ್ವಾರಂಟೈನ್‌ನಲ್ಲಿರಿಸಿ ಫ್ರಿಜ್ಜಿಗೆ ಮೊಹರು ಹಾಕಿದ್ದು ನಿಯಮಬದ್ಧವಾಗಿದೆ.

೨. ಬ್ಯಾಕ್ಟೀರಿಯಾಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅದು ಇಲ್ಲಿಯೇ ಹುಟ್ಟಿ ಬೆಳೆದದ್ದು, ಸ್ಥಳೀಯ. ಸಿಬ್ಬಂದಿಯ ಕೈ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುವ ಅದರ ಹಕ್ಕಿಗೆ ಯಾರೂ ಅಡ್ಡಿಪಡಿಸತಕ್ಕದ್ದಲ್ಲ.

೩. ಆದಾಗ್ಯೂ ರೋಗಿಯ ಪತ್ನಿ ಮುನಿಶಾಮಮ್ಮ ಎಂಬುವವರು ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಕೆಂಪು ಬಕೆಟ್ಟನ್ನು ಬಾಗಿಲಲ್ಲಿಟ್ಟು, ಅದರಲ್ಲಿ ಕಾಲು ಅದ್ದದ, ಸೋಪಿನಲ್ಲಿ ಕೈ ತೊಳೆಯದವರನ್ನು ಒಳಬಿಡದೆ ಅಡ್ಡಗಟ್ಟಿರುತ್ತಾರೆ. ರೇಷ್ಮೆ ಸಾಕುವ ಹುಳು ಮನೆಗೆ ರೋಗ ಹೊಕ್ಕರೆ ತಿಂಗಳ ಬೆಳೆ ವಾರದಲ್ಲಿ ತಿಪ್ಪೆ ಸೇರುತ್ತದೆಂಬುದು ಆಕೆಯ ವಾದ. ತಪಾಸಣೆಗೆ ಬಂದ ಅಧೀಕ್ಷಕರನ್ನೂ ನಿಲ್ಲಿಸಿ, "ಸಾರ್, ಉಳದ್ ಮನೆಗೇ ಕಾಲ್ ತೊಳ್ಕಂಡ್ ಹೋಗ್ತೀವಿ. ಒಳಗ್ ಮಲಗಿರೋದು ಮನ್ಸ" ಎಂದಿರುವುದು ಮಹಜರಿನಲ್ಲಿ ದಾಖಲಾಗಿದೆ. ಆಮೇಲೆ ತೆಲುಗಿನಲ್ಲಿ ಅಂದದ್ದನ್ನು ದಾಖಲಿಸಿಲ್ಲ, ಅಧೀಕ್ಷಕರಿಗೆ ಅರ್ಥವಾಗಿದೆ.

೪. ರೋಗಿಗಳನ್ನು ರೇಷ್ಮೆ ಹುಳುವಿನ ಮಟ್ಟಕ್ಕೆ ಏರಿಸುವ ಇಂಥ ನಡವಳಿಕೆಯನ್ನು ಈ ಮೂಲಕ ನಿಷೇಧಿಸಿ, ಬಕೆಟ್ಟನ್ನು ಜಪ್ತಿ ಮಾಡಲಾಗಿದೆ. ಕೈ ತೊಳೆಯಲಿಚ್ಛಿಸುವ ವೈದ್ಯರು ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಎಡಗೈಗೆ ಪ್ರತ್ಯೇಕ ಅರ್ಜಿ.

೫. ಕ್ವಾರಂಟೈನಿನ ಒಂಬತ್ತನೇ ದಿನ ಸೋಂಕು ಮೊಣಕಾಲಿನವರೆಗೆ ಏರಿತು. ಇನ್ನೈದು ದಿನ ತಾಳುವಂತೆ ಸೋಂಕಿಗೆ ಲಿಖಿತ ಸೂಚನೆ ನೀಡಲಾಗಿತ್ತು; ಸ್ವೀಕೃತಿ ಬಂದಿಲ್ಲ. ಅದೇ ಮಧ್ಯಾಹ್ನ ಮುನಿಶಾಮಮ್ಮ ಅಧೀಕ್ಷಕರ ಮೇಜಿನ ಮುಂದೆ ಬಂದು, ಈ ಬಾರಿ ಯಾರಿಗೂ ಕಾಲು ತೊಳೆಯಲು ಹೇಳದೆ, "ಮೊಹರು ಹಾಕಿದ್ದು ನೀವೇ, ನೀವೇ ತೆಗೀರಣ್ಣಾ. ಕಾಲು ಉಳ್ಕಂತದೆ" ಎಂದಷ್ಟೇ ಕೇಳಿದರು. ಊಟದ ವೇಳೆಯಾದ್ದರಿಂದ ಉತ್ತರಿಸಲಾಗಿಲ್ಲ. ಅಧೀಕ್ಷಕರು ಊಟಕ್ಕೆ ಮುನ್ನ ಎರಡೂ ಕೈಗಳನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದುದನ್ನು ಸದರಿ ಮಹಿಳೆ ನೋಡುತ್ತ ನಿಂತಿದ್ದರೆಂದು ವರದಿಯಾಗಿದೆ.

೬. ಹತ್ತನೇ ದಿನ ಎಡಗಾಲನ್ನು ತೊಡೆಯಿಂದ ತೆಗೆಯಲಾಯಿತು. ಹದಿನಾಲ್ಕನೇ ದಿನ ಕ್ವಾರಂಟೈನ್ ಯಶಸ್ವಿಯಾಗಿ ಮುಗಿದು, ವೈರಸ್ಸಿಗೆ ಯಾವ ಕಾಯಿಲೆಯೂ ಇಲ್ಲವೆಂದು ದೃಢಪಟ್ಟಿದೆ. ಆದರೆ ಅನುಮತಿ ಪತ್ರದಲ್ಲಿ 'ಎಡಗಾಲಿನ ಸೋಂಕಿಗೆ' ಎಂದಿದ್ದು, ಸದರಿ ಕಾಲು ತನಿಖೆಗೆ ಲಭ್ಯವಿಲ್ಲದ ಕಾರಣ, ದ್ರಾವಣವನ್ನು ಬಳಸದೆ ಹಿಂದಿರುಗಿಸಲಾಗಿದೆ.

೭. ಬಕೆಟ್ ಹಿಂಪಡೆಯಲು ಸುಬ್ಬರಾಯಪ್ಪನವರು ಖುದ್ದಾಗಿ ಮೂರನೇ ಮಹಡಿಗೆ ಹತ್ತಿ ಬರತಕ್ಕದ್ದು. ಲಿಫ್ಟ್ ಸಿಬ್ಬಂದಿಗೆ ಮಾತ್ರ.

(ಸಹಿ/-)
ಸಕ್ಷಮ ಪ್ರಾಧಿಕಾರದ ಪರವಾಗಿ, ಊಟದ ನಂತರ

ಪ್ರತಿಗಳು:

ಅ) ಎಲ್ಲ ವಾರ್ಡುಗಳಿಗೆ: ಖಾಲಿ ಸೋಪಿನ ಡಬ್ಬಿಯ ಮೇಲೆ ಅಂಟಿಸಲು.

ಆ) ಡಾ. ಮಾನಸ ಅವರಿಗೆ: ಅನುಮತಿಯಿಲ್ಲದೆ 'ಅತಿ ತುರ್ತು' ಎಂಬ ಪದ ಬಳಸಿದ್ದಕ್ಕೆ ಸಮಜಾಯಿಷಿ ನೀಡಲು.

ಇ) ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ: ಆಸ್ಪತ್ರೆಗೆ ಬರುವಾಗ ಹುಳು ಮನೆಯ ಅಭ್ಯಾಸಗಳನ್ನು ಗೇಟಿನಾಚೆ ಬಿಟ್ಟು ಬರಲು.

ಈ) ಮುನಿಶಾಮಮ್ಮ ಅವರಿಗೆ: ಜವಾನನ ಮೂಲಕ ಮುದ್ದಾಂ ತಲುಪಿಸಲಾಗಿದೆ. ಹುಳು ಮನೆಯ ಹೊಸ್ತಿಲಲ್ಲಿ ಹೊಸ ಬಕೆಟ್ ಇದ್ದು, ಕಾಲು ತೊಳೆದ ನಂತರವೇ ಜವಾನನನ್ನು ಒಳಬಿಡಲಾಯಿತು. ಒಳಗೆ ಹುಳುಗಳೆಲ್ಲ ಆರೋಗ್ಯವಾಗಿರುವುದು ಕಂಡುಬಂದಿದೆ.