ಹತ್ತನೆಯವಳನ್ನು ನುಂಗಿದ ಯಂತ್ರ

“ಎಣಸ್ರಿ ಮಾಮಾ, ನಿಮ್ಮ ಬೆರಳಿಂದನ ಎಣಸ್ರಿ!”

ಗದಗ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಗುರುಪಾದ ಎದೆಯುಬ್ಬಿಸಿಕೊಂಡು ನಿಂತಿದ್ದ. ಮಾಲೀಕ ಸಂಗನಬಸಪ್ಪನ ಹೆಂಡತಿಯ ತಮ್ಮ ಇವನು. ಗಲ್ಲಾದ ಮೇಲೆ ಅವನ ಹೊಸ ಯಂತ್ರ ಕೂತಿತ್ತು: ಹಳೇ ಮಿಕ್ಸರಿನ ಹೊಟ್ಟೆ, ರೇಡಿಯೋದ ಕಿವಿ, ನೆತ್ತಿಯ ಮೇಲೊಂದು ಹಸಿರು ದೀಪ. ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಸಂಗನಬಸಪ್ಪ ಬೆರಳು ಮಾಡಿ ಎಣಿಸಿದ. ಒಂಬತ್ತು! ಆ ಕಡೆಯಿಂದ ಎಣಿಸಿದ. ಮತ್ತೆ ಒಂಬತ್ತು!

ಸಾಲಿನ ಕೊನೆಯಲ್ಲಿದ್ದ ದ್ಯಾಮವ್ವನಿಗೆ ಮೈಯೆಲ್ಲ ಉರಿಯಿತು. ರೊಟ್ಟಿ ಬಡಿಯುವ ಹತ್ತನೆಯ ಆಳು ಅವಳೇ.

“ನಾ ಇಲ್ಲೇ ನಿಂತೀನಲ್ರಿ ಧಣ್ಯಾರ! ನನ್ನೇನು ಕಂಬ ಅಂತ ತಿಳದೀರೇನು?”

“ಕಾಣ್ತಿ ತಗೋ ಬೇ. ಎಣಿಕಿಗೆ ಸಿಗವಲ್ಲಿ!” ಸಂಗನಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ನಗುವುದಕ್ಕೆ ಕಾರಣವಿತ್ತು. ಹತ್ತು ಆಳಿದ್ದರೆ ಅವರ ಆರೋಗ್ಯ ವಿಮೆಗೆ ಮಾಲೀಕ ಕಂತು ಕಟ್ಟಲೇಬೇಕು, ಒಂಬತ್ತಾದರೆ ಬೇಕಿಲ್ಲ. ಒಮ್ಮೆ ಹತ್ತಾಯಿತೋ, ಆಮೇಲೆ ಒಬ್ಬರನ್ನು ಬಿಡಿಸಿದರೂ ಕಾನೂನು ಬಿಡುವುದಿಲ್ಲ. ಅದಕ್ಕೇ ವಿಮೆಯ ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ದ್ಯಾಮವ್ವನ ಮುಂದೆ ತಾಟಿಟ್ಟು ಗಿರಾಕಿಯ ಹಾಗೆ ಕೂರಿಸುತ್ತಿದ್ದರು. ಹೋದ ಸಲ ಸಾಹೇಬರು ಅವಳ ಮೊಣಕೈವರೆಗಿನ ಜೋಳದ ಹಿಟ್ಟು ನೋಡಿ, “ಗಿರಾಕಿ ತಾನ ರೊಟ್ಟಿ ಬಡಕೊಂಡು ಉಣ್ಣೂದು ಯಾವ ಪದ್ಧತಿರೀ?” ಎಂದು ಕೇಳಿಬಿಟ್ಟಿದ್ದರು.

“ವಿಮಾ ಮಾಡಸ್ರಿ ಅಂದ್ರ ಯಂತ್ರ ಮಾಡಸ್ಯಾರ!” ದ್ಯಾಮವ್ವ ಸಿಡಿದಳು. “ದಿನಾ ಒಲಿ ಮುಂದ ಕೂಡಾಕಿ ನಾನು. ನಾಳೆ ಕೈ ಸುಟ್ರ ಯಾರು ನೋಡ್ತಾರ?”

“ನನ್ನ ಯಾರು ನೋಡ್ತಾರ?” ಸಂಗನಬಸಪ್ಪನೂ ಕೆರಳಿದ. “ಸಕ್ಕರಿ ರೋಗ, ಬೀಪಿ ಎರಡೂ ಅದಾವ. ಮಾಲೀಕಗ ಯಾವ ಕಾನೂನು ವಿಮಾ ಕಾರ್ಡ್ ಕೊಡ್ತದ? ಬಾಜೂ ಖಾನಾವಳಿಯಾಂವ ಒಂಬತ್ತಕ್ಕ ನಿಂತು ಆರಾಮ ಅದಾನ. ನಾ ಬೆಳದದ್ದ ತಪ್ಪೇನು?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಕಾನೂನಿನ ಮೇಲಿನ ಸಿಟ್ಟನ್ನು ರೊಟ್ಟಿ ಬಡಿಯುವವಳ ಮೇಲೆ ತೀರಿಸಿಕೊಳ್ಳುವುದೇ? ದ್ಯಾಮವ್ವ ಹಲ್ಲು ಕಡಿಯುತ್ತ ಒಲೆಯ ಮುಂದೆ ಕೂತಳು.

ಯಂತ್ರಕ್ಕೋ, ಆಳು ಯಾವುದು ರೊಟ್ಟಿ ಯಾವುದು ಎಂಬ ಭೇದವಿರಲಿಲ್ಲ! ಯಾರು ಏನೆಣಿಸಿದರೂ ಒಂಬತ್ತಕ್ಕೇ ನಿಲ್ಲಿಸುತ್ತಿತ್ತು. ಮಧ್ಯಾಹ್ನ ಪೈಲ್ವಾನನೊಬ್ಬ ಗುಡ್ಡದಷ್ಟು ರೊಟ್ಟಿ ತಿಂದು ತೇಗಿದ. ಲೆಕ್ಕ ಹಾಕಿದರೆ ಒಂಬತ್ತು! ಸುದ್ದಿ ಕೇಳಿ ಇಡೀ ಗರಡಿಮನೆಯೇ ಉಣ್ಣಲು ಬಂತು. ಎದುರಿನ ನಿಲ್ದಾಣದಲ್ಲಿ ಕಂಡಕ್ಟರ್, ಕಿಕ್ಕಿರಿದ ಬಸ್ಸಿನಲ್ಲಿ ಒಂಬತ್ತೇ ಮಂದಿ ಎಣಿಸಿ, “ಬರ್ರಿ, ಬರ್ರಿ, ಬಸ್ ಖಾಲಿ ಐತಿ!” ಎಂದು ಕೂಗುತ್ತಲೇ ಇದ್ದ.

“ಬಂದ್ ಮಾಡಲೇ ಗುರುಪಾದಾ, ಹಾಳಾಗಿ ಹೋದ್ನಿ!”

“ಸಾಹೇಬ್ರು ಬರೂ ಹೊತ್ತಾತು ಮಾಮಾ, ಈಗ ಬಂದ್ ಮಾಡಿದ್ರ ಹ್ಯಾಂಗ? ಇನ್ನೊಂಚೂರು ಜೋರ್ ಮಾಡ್ತೀನಿ!” ಗುರುಪಾದ ಯಂತ್ರದ ಕಿವಿ ಹಿಂಡಿದ.

ಅಲ್ಲಿಗೆ ಮುಗಿಯಿತು. ಆಳುಗಳಿಗೆ ಚಹಾ ಬಂತು, ಒಂಬತ್ತು ಕಪ್ಪು. ಊಟ ಬಂತು, ಒಂಬತ್ತು ತಾಟು. ಪಕ್ಕದಲ್ಲೇ ಪಲ್ಯ ಮಾಡುವ ಗೆಳತಿ ಹನಮವ್ವ ಕೂಡ, “ನೀ ಯಾರವಾ? ಅಡಗಿಮನಿಯಾಗ ನಿಂದೇನು ಕೆಲಸ?” ಎಂದುಬಿಟ್ಟಳು! ದ್ಯಾಮವ್ವ ಸಿಟ್ಟಿನಿಂದ ಅವಳತ್ತ ತಿರುಗಿದ್ದೇ ತಡ, ಅಂಗೈ ಕಾದ ಹಂಚಿನ ಮೇಲೆ ಬಿತ್ತು.

“ಯವ್ವಾ, ಸತ್ನೇ! ದವಾಖಾನಿಗೆ ಕರಕೊಂಡು ಹೋಗ್ರೋ!”

ಎಲ್ಲರೂ ಓಡಿಬಂದರು. ಸಂಗನಬಸಪ್ಪ ಗಾಬರಿಯಿಂದ ಆಳುಗಳನ್ನು ಎಣಿಸಿದ. “ಒಂಬತ್ತು ಮಂದೀನೂ ಆರಾಮ ಅದಾರ. ಯಾರಿಗೂ ಏನೂ ಆಗಿಲ್ಲ!” ಎಂದು ನೆಮ್ಮದಿಯ ಉಸಿರು ಬಿಟ್ಟ. ಬೊಬ್ಬೆಯೆದ್ದ ಅಂಗೈ ಅವನ ಮೂಗಿನ ಕೆಳಗೇ ಇತ್ತು.

ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದರು. ದ್ಯಾಮವ್ವನ ಸಿಟ್ಟು ನೆತ್ತಿಗೇರಿತು.

“ನಾ ಬಡದ ರೊಟ್ಟಿ ಎಣಿಕಿಗೆ ಬರ್ತಾವು, ನಾ ಬರಂಗಿಲ್ಲೇನು? ನಿಮ್ಮ ಯಂತ್ರಕ್ಕ ಬೆಂಕಿ ಹಚ್ಚ!”

ಸುಡದ ಕೈಯಿಂದ ಚಪಾತಿಯ ಲಟ್ಟಣಿಗೆ ಎತ್ತಿಕೊಂಡು ಗಲ್ಲಾದತ್ತ ನುಗ್ಗಿ ಯಂತ್ರದ ತಲೆಗೆ ಬಾರಿಸಿದಳು. ಹಸಿರು ದೀಪ ಕೆಂಪಾಯಿತು. ಯಂತ್ರ ಒಮ್ಮೆ ಸೀನಿತು.

ಸಾಹೇಬರು ಎಣಿಸತೊಡಗಿದರು. ಮೊದಲನೆಯವನನ್ನು ನೋಡಿ, “ಹತ್ತು” ಎಂದರು. ಎರಡನೆಯವನಿಗೂ ಹತ್ತು! ಹನಮವ್ವ ಹತ್ತು, ದ್ಯಾಮವ್ವ ಹತ್ತು! “ನಾ ಮಾಲೀಕರೀ!” ಎಂದ ಸಂಗನಬಸಪ್ಪನೂ ಹತ್ತು! ಮೇಜಿನ ಕೆಳಗೆ ಅಡಗಿದ್ದ ಗುರುಪಾದ ಹತ್ತು, ಸೌತೆಕಾಯಿ ಕದಿಯಲು ಬಂದಿದ್ದ ಆಡೂ ಹತ್ತು!

“ಒಟ್ಟು ನೂರಾ ಮೂವತ್ತು ಆಳು. ಎಲ್ಲಾರ ಕಂತೂ ಕಟ್ರಿ,” ಎಂದು ಸಾಹೇಬರು ಅಲ್ಲೇ ಹುಕುಂ ಬರೆದರು. ಮೊದಲು ದ್ಯಾಮವ್ವನ ಕೈಗೆ ಚೀಟಿ ಕೊಟ್ಟು ದವಾಖಾನೆಗೆ ಕಳಿಸಿದರು.

ಸಂಜೆ ಅವಳು ಪಟ್ಟಿ ಕಟ್ಟಿಸಿಕೊಂಡು ಬಂದಾಗ ಸಂಗನಬಸಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

“ನೂರಾ ಮೂವತ್ತು ಮಂದಿಗೆ ಎಲ್ಲಿಂದ ಕಟ್ಟಲಿ ಬೇ?”

ದ್ಯಾಮವ್ವನಿಗೆ ನಗು ಬರಲಿಲ್ಲ. ಕೈಯೂ ಉರಿಯುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

“ಹತ್ತು ಮಂದಿಗೆ ಕಟ್ಟಿದ್ರ ಹತ್ತಕ್ಕ ಮುಗೀತಿತ್ತು ಧಣ್ಯಾರ,” ಎಂದಳು. “ಇರಲಿ, ಆ ಆಡಿಗೆ ಪಗಾರ ಯಾವಾಗ ಕೊಡ್ತೀರಿ?”