ಹಡಗಿನ ಹೊಟ್ಟೆಯೊಳಗೆ ಬಣಕಲ್‌ನ ನಾಲ್ವರು

ಕಾಫಿ ತೋಟದವರನ್ನು ತೋಟದಿಂದ ಹೊರಗೆ ಕರೆದೊಯ್ದಾಗಲೆಲ್ಲ ಹೀಗೇ ಆಗುತ್ತದೆ. ಮೈಸೂರಿನ ಮದುವೆಮನೆಯಲ್ಲಿ ಆಗಿದೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಆಗಿದೆ. ಈ ಏಪ್ರಿಲ್‌ನಲ್ಲಿ ಅರಬ್ಬೀ ಸಮುದ್ರದ ನಡುವೆಯೂ ಆಯಿತು.

ಕಾಫಿ ಗಿಡ ಹೂವರಳಿಸುವ ಹೂಮಳೆ ಬಂದು, ಆ ಹೂವು ಕಾಯಿ ಕಚ್ಚಲು ಅದರ ಹಿಂದೆಯೇ ಬರಬೇಕಾದ ಬ್ಯಾಕಿಂಗ್ ಮಳೆಯೂ ಬಂದು, ನಮ್ಮ ಯಜಮಾನರ ಮುಖದಲ್ಲಿ ನಗು ಕಾಣಿಸಿದ ದಿನವೇ ನಾನು ಮುಂಬಯಿಯಿಂದ ಕೊಚ್ಚಿಗೆ ಹೋಗುವ ಪ್ರವಾಸಿ ಹಡಗಿಗೆ ಟಿಕೆಟ್ ಮಾಡಿಸಿಬಿಟ್ಟೆ. ನಮ್ಮೂರು ಬಣಕಲ್‌ನಿಂದ ಹೊರಟವರು ನಾಲ್ವರು: ನಾನು, ಯಜಮಾನರು, ನನ್ನ ಮೈದುನ, ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಉಳಿದ ಮೂವರಿಗೆ ಬೇಕಾಗಿದ್ದದ್ದು ಊಟ ಮತ್ತು ಗಾಳಿ. ನನಗೆ ಬೇಕಾಗಿದ್ದದ್ದು ಬ್ರಿಜ್.

ಬ್ರಿಜ್ ಎಂದರೆ ಕ್ಯಾಪ್ಟನ್ ನಿಂತು ಹಡಗು ನಡೆಸುವ ಕೋಣೆ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಸಿಸ್ಟರ್ ಹಡಗಿನ ಚಿತ್ರ ಕೊಟ್ಟು ಹತ್ತು ಭಾಗಗಳನ್ನು ಗುರುತಿಸಲು ಹೇಳಿದ್ದರು. ನಮ್ಮಲ್ಲಿ ಒಬ್ಬರೂ ಸಮುದ್ರ ನೋಡಿದವರಲ್ಲ. ಆದರೂ ನಾನು ಒಂಬತ್ತು ಸರಿ ಬರೆದೆ. ಬ್ರಿಜ್ ಒಂದನ್ನು ಚಿಮಣಿಯ ಮೇಲೆ ಗುರುತಿಸಿದೆ. ಆ ಒಂದು ಅಂಕ ಇವತ್ತಿಗೂ ನನ್ನನ್ನು ಬಾಧಿಸುತ್ತದೆ. ಹಡಗಿನ ಒಳಭಾಗಗಳನ್ನೆಲ್ಲ ತೋರಿಸಿ, ಕೊನೆಗೆ ಬ್ರಿಜ್‌ಗೂ ಕರೆದೊಯ್ಯುವ ವಿಶೇಷ ಸುತ್ತು ಒಂದಿದೆ ಎಂದು ಹಡಗು ಹತ್ತಿದ ಸಂಜೆ ಗೊತ್ತಾದಾಗ ನಾನು ಓಡಿಹೋಗಿ ನಾಲ್ವರ ಹೆಸರು ಬರೆಸಿದೆ. ಓಡುವುದು ನನ್ನ ಸ್ವಭಾವವಲ್ಲ.

ನಮ್ಮನ್ನು ಕರೆದೊಯ್ಯಲು ಬಂದವಳು ಉಡುಪಿ ಕಡೆಯ ಹುಡುಗಿ, ಬಿಳಿ ಯೂನಿಫಾರ್ಮಿನ ಅಧಿಕಾರಿ. ಸಮಯಕ್ಕೆ ಸರಿಯಾಗಿ ಬಂದಳು. ಆಗಲೇ ನನಗೆ ಇಷ್ಟವಾದಳು. ನಿಯಮಗಳನ್ನು ಹೇಳಿದಳು: ಮುಚ್ಚಿದ ಬೂಟು ಹಾಕಬೇಕು, ಫೋನು ತರಬಾರದು, ಯಾವುದನ್ನೂ ಮುಟ್ಟಬಾರದು, ಯಾವುದನ್ನೂ ತೆಗೆದುಕೊಳ್ಳಬಾರದು.

"ಬ್ರಿಜ್‌ನ ಬಾಗಿಲಲ್ಲಿ ಬ್ಯಾಗ್ ನೋಡ್ತಾರೆ. ಕುಟುಂಬದಲ್ಲಿ ಒಬ್ಬರು ನಿಯಮ ತಪ್ಪಿದರೂ ಆ ಕುಟುಂಬಕ್ಕೆ ಬ್ರಿಜ್ ಇಲ್ಲ, ಆಯ್ತಾ?" ಎಂದಳು.

ನಾನು ತಿರುಗಿ ನನ್ನ ಕುಟುಂಬವನ್ನು ನೋಡಿದೆ.

ಮುಚ್ಚಿದ ಬೂಟು

ಮೊದಲ ಆತಂಕ ಹೊರಡುವ ಮುಂಚೆಯೇ ಬಂತು. ಹುಡುಗಿ ಎಲ್ಲರ ಕಾಲು ನೋಡುತ್ತ ಬಂದವಳು ಮೈದುನನ ಮುಂದೆ ನಿಂತುಬಿಟ್ಟಳು. ಬೂಟು ಮುಚ್ಚಿದ್ದೇ ಹೌದು. ಅದರೊಳಗಿನಿಂದ ಮೊಣಕಾಲಿನವರೆಗೆ ದಪ್ಪ ಬಟ್ಟೆಯ ಚೀಲದಂಥದ್ದು ಎದ್ದು ಬಂದು ಪ್ಯಾಂಟನ್ನು ನುಂಗಿ, ಮೇಲೆ ದಾರದಿಂದ ಬಿಗಿಯಾಗಿತ್ತು. ಅಲ್ಲಿಂದ ನಶ್ಯ, ಸುಣ್ಣ ಬೆರೆತ ವಾಸನೆ ಹೊರಟಿತ್ತು.

"ಇದೇನು ಸಾರ್?"

"ಜಿಗಣೆ ಕಾಲುಚೀಲ ಅಲ್ವಾ," ಎಂದ ಮೈದುನ, ಇದೂ ಗೊತ್ತಿಲ್ಲವಾ ಎನ್ನುವ ಹಾಗೆ. "ಒಳಗೆ ನೆಲ ಒದ್ದೆ ಇರ್ತದೆ ಅಂತ ನೀವೇ ಫಾರಂನಲ್ಲಿ ಬರೆದಿದ್ದೀರಿ."

"ಒದ್ದೆ ಅಂದ್ರೆ ಅಡುಗೆಮನೆ ನೆಲ ಸಾರ್. ಇದು ಸಮುದ್ರ. ಇಲ್ಲಿ ಜಿಗಣೆ ಇಲ್ಲ."

ನಾನು ಕಣ್ಣಿನಲ್ಲೇ ಅವನಿಗೆ ಬಾಯಿ ಮುಚ್ಚಲು ಹೇಳಿದೆ. ಅವನು ಮುಚ್ಚಲಿಲ್ಲ.

"ಇಲ್ಲ ಅಂತ ಹೇಳ್ಲೇಬೇಕಮ್ಮ," ಎಂದ ಸಮಾಧಾನವಾಗಿ. "ನಮ್ಮ ಹೋಮ್‌ಸ್ಟೇಗೆ ಬರೋರಿಗೆ ನಾವೂ ಹಾಗೇ ಹೇಳೋದು."

ಉಗ್ರಾಣದಲ್ಲಿ ಒಂದು ಬೀಜ

ಉಗ್ರಾಣ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಎರಡು ಸಾವಿರ ಜನಕ್ಕೆ ಸಾಲುವ ಅಕ್ಕಿ, ಹಿಟ್ಟು, ಮೊಟ್ಟೆ. ಪ್ರತಿ ಡಬ್ಬಕ್ಕೂ ಚೀಟಿ, ಚೀಟಿಯ ಮೇಲೆ ತಾರೀಖು, ಎಲ್ಲದರ ಮುಖ ಒಂದೇ ದಿಕ್ಕಿಗೆ. ಮೂವತ್ತೆಂಟು ವರ್ಷದಿಂದ ನನ್ನ ಮನೆಯ ಉಗ್ರಾಣದಲ್ಲಿ ನಾನು ಹೇಳುತ್ತ ಬಂದದ್ದು ಇದನ್ನೇ. "ನೋಡು, ನೋಡು," ಎಂದು ಓರಗಿತ್ತಿಯ ತೋಳು ಜಗ್ಗಿದೆ. "ನೋಡಿದೆ ಅಕ್ಕ, ಇಲ್ಲೂ ನಿಮ್ಮಂಥೋರು ಯಾರೋ ಇದ್ದಾರೆ ಪಾಪ," ಎಂದಳು. ಆ 'ಪಾಪ' ಯಾರಿಗೆ ಎಂದು ನಾನು ವಿಚಾರಿಸಲಿಲ್ಲ.

ಅಷ್ಟರಲ್ಲಿ ಯಜಮಾನರ ನಡಿಗೆ ನಿಧಾನವಾಯಿತು. ಮೂಲೆಯಲ್ಲಿ ಬಾಯಿ ತೆರೆದ ಚೀಲ. ಹುರಿದ ಕಾಫಿ ಬೀಜ. ಚೀಲ ಕಂಡರೆ ಮೊಣಕೈವರೆಗೆ ಕೈ ಇಳಿಸುವುದು ಅವರ ಹುಟ್ಟುಗುಣ. ನಾನು ಹಿಂದಿನಿಂದ ಅವರ ಸ್ವೆಟರ್ ಹಿಡಿದುಕೊಂಡೆ. ಅವರು ಪಾಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಮೂಗನ್ನು ಮಾತ್ರ ಚೀಲದೊಳಗೆ ಇಳಿಸಿದರು. ಮೂಗಿನಿಂದ ಮುಟ್ಟಬಾರದೆಂದು ನಿಯಮದಲ್ಲಿ ಇರಲಿಲ್ಲ.

ದೊಡ್ಡ ಬಾಣಸಿಗ ಬಂದ. ಇವರು ಕಾಫಿ ಬೆಳೆಯುವವರು ಎಂದು ಹುಡುಗಿ ಹೇಳಿದ್ದೇ ತಡ, ಖುಷಿಯಿಂದ ತಾನೇ ಒಂದು ಬೀಜ ತೆಗೆದು ಯಜಮಾನರ ಅಂಗೈಗೆ ಇಟ್ಟ. ಅವರು ಅದನ್ನು ಹಲ್ಲಿನಡಿ ಇಟ್ಟು 'ಕಟ್' ಎನಿಸಿದರು.

"ಕಣದಲ್ಲಿ ಒಣಗಿಸುವಾಗ ಮಳೆಗೆ ಸಿಕ್ಕಿದೆ. ಒಡಕು ಬೀಜ ಬೇರೆ. ಹುರಿದದ್ದೂ ಜಾಸ್ತಿ," ಎಂದರು.

ಬಾಣಸಿಗನ ಮುಖ ಇಳಿಯಿತು. ಬ್ರಿಜ್ ಕೈತಪ್ಪಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವನು ಬೇಸರದಿಂದ ಕೇಳಿದ: "ಹಾಗಾದರೆ ಇಂಥ ಕಾಫಿಯನ್ನು ನಿಮ್ಮ ಕಡೆ ಏನು ಮಾಡುತ್ತೀರಿ?"

"ನಾವಾ? ಒಳ್ಳೇದನ್ನೆಲ್ಲ ಮಾರಿಬಿಡ್ತೀವಿ. ದಿನಾ ಮನೇಲಿ ಕುಡಿಯೋದು ಇದೇ."

ಅವನು ನಕ್ಕು ಎಲ್ಲರಿಗೂ ಒಂದೊಂದು ಲೋಟ ಕಾಫಿ ಕೊಟ್ಟ. ಯಜಮಾನರು ಎರಡು ಸಲ ಹಾಕಿಸಿಕೊಂಡು, ಮನೆಯಲ್ಲಿ ಕುಡಿದ ಹಾಗೇ ಇದೆ ಎಂದು ಬಾಯಿತುಂಬ ಹೊಗಳಿದರು. ನಮ್ಮ ಮನೆಯ ಕಾಫಿಯನ್ನು ಈವರೆಗೆ ಹೊಗಳಿಹೋದ ನೆಂಟರೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಹಾದುಹೋದರು.

ಸಿಪ್ಪೆ

ಅಡುಗೆಮನೆಯ ಕೆಳಗೆ ಕಸ ಬೇರ್ಪಡಿಸುವ ಕೋಣೆ. ಗಾಜು ಒಂದು ಕಡೆ, ತಗಡು ಒಂದು ಕಡೆ, ತರಕಾರಿ ಸಿಪ್ಪೆ ಮತ್ತು ಕಾಫಿ ಚರಟ ಇನ್ನೊಂದು ಕಡೆ. ಪ್ರವಾಸಿಗಳು ಮೂಗು ಮುಚ್ಚಿಕೊಂಡು ಬೇಗ ದಾಟುವ ಜಾಗ ಅದು. ಓರಗಿತ್ತಿ ಅಲ್ಲೇ ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ಅಕ್ಕ, ಒಂದು ಪ್ಲಾಸ್ಟಿಕ್ ಚೂರಿಲ್ಲ ನೋಡಿ. ಎಂಥ ಗೊಬ್ಬರ! ನಮ್ಮ ಆಂಥೂರಿಯಂಗೆ ಹಾಕಿದ್ರೆ ಎಲೆ ಇಷ್ಟಗಲ ಬರ್ತಾವೆ."

"ಮುಂದೆ ನಡಿ," ಎಂದೆ.

ಅವಳು ನಡೆಯಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಆಸಾಮಿಯ ಹತ್ತಿರ ಹೋಗಿ, ಇದರಲ್ಲಿ ಒಂದೆರಡು ಮೂಟೆ ಸಿಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿಯೇಬಿಟ್ಟಳು. ಇಷ್ಟು ವರ್ಷದಲ್ಲಿ ಹಡಗಿನ ಅತಿಥಿ ಯಾರೂ ಅವನಿಂದ ಏನನ್ನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವನು ಸೆಟೆದು ನಿಂತು, ಜೇಬಿನಿಂದ ಪೆನ್ನು ತೆಗೆದು, ಬಹಳ ಮರ್ಯಾದೆಯಿಂದ ಕೇಳಿದ: "ಯಾವ ಕ್ಯಾಬಿನ್‌ಗೆ ಕಳಿಸಲಿ ಮೇಡಂ?"

"ಕ್ಯಾಬಿನ್‌ಗೆ ಬೇಡಪ್ಪ," ಎಂದಳು. "ಬಣಕಲ್‌ಗೆ."

ಎಷ್ಟು ಇಂಚು?

ಎಂಜಿನ್ನಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಪಕ್ಕದ ನಿಯಂತ್ರಣ ಕೋಣೆಯಲ್ಲಿ ನಿಲ್ಲಿಸಿ ತೋರಿಸುತ್ತಾರೆ. ಗೋಡೆ ತುಂಬ ಪರದೆಗಳು, ಕಾಲಡಿಯಲ್ಲಿ ಸಣ್ಣ ನಡುಕ. ಆ ನಡುಕದ ಮೇಲೆ ಊರೊಂದರಷ್ಟು ಜನ ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದಾರೆ ಎಂದು ನೆನೆದು ನನಗೆ ಮೈ ಜುಮ್ಮೆಂದಿತು. ಸಮುದ್ರದ ನೀರನ್ನೇ ಸಿಹಿನೀರು ಮಾಡಿಕೊಳ್ಳುತ್ತೇವೆ ಎಂದು ಎಂಜಿನಿಯರ್ ವಿವರಿಸಿದ. ಪ್ರಶ್ನೆಗಳೇನಾದರೂ ಇವೆಯೇ ಎಂದು ಕೇಳಿದ.

"ಈ ವರ್ಷ ಇಲ್ಲಿಗೆ ಎಷ್ಟು ಇಂಚು ಮಳೆ ಆಯ್ತು?" ಎಂದರು ಯಜಮಾನರು. ಬಣಕಲ್‌ನಿಂದ ಮೂಡಿಗೆರೆವರೆಗೆ ಎದುರು ಸಿಕ್ಕವರನ್ನೆಲ್ಲ ಅವರು ಮೊದಲು ಕೇಳುವ ಪ್ರಶ್ನೆ ಅದೊಂದೇ.

"ನಾವು ಮಳೆ ಅಳೆಯುವುದಿಲ್ಲ ಸರ್."

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಇಷ್ಟೆಲ್ಲ ಪರದೆ, ಇಷ್ಟೆಲ್ಲ ಗಡಿಯಾರ, ಮಳೆಯ ಅಳತೆ ಮಾತ್ರ ಇಲ್ಲ! ಯಜಮಾನರಿಗೆ ಆ ಎಂಜಿನಿಯರ್ ಮೇಲೆ ನಿಜವಾಗಿ ಕನಿಕರ ಹುಟ್ಟಿತು.

"ನಾನು ಒಂದು ಮಳೆಮಾಪಕ ಕಳಿಸ್ತೀನಿ. ಮೇಲೆ ಈಜುಕೊಳದ ಪಕ್ಕ ಇಡಿ. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ನೋಡಿ ಬರ್ಕೊಳ್ಳಿ."

"ಆದರೆ ಸರ್, ಹಡಗು ಒಂದು ಕಡೆ ನಿಲ್ಲುವುದಿಲ್ಲವಲ್ಲ. ಇವತ್ತಿನ ಮಳೆ ಒಂದು ಕಡೆಯದು, ನಾಳೆಯದು ಇನ್ನೊಂದು ಕಡೆಯದು."

ಮೈದುನ ಪರದೆಗಳನ್ನೇ ನೋಡುತ್ತ ಆಸೆಯಿಂದ ಹೇಳಿದ: "ಇದೇ ಸರಿ ಅಣ್ಣ. ಪಕ್ಕದವರ ತೋಟಕ್ಕೆ ಹೂಮಳೆ ಬಂತು, ನಮಗೆ ಬರ್ಲಿಲ್ಲ ಅಂತ ಕೊರಗೋದೇ ಬೇಡ. ಮಳೆ ಎಲ್ಲಿದೆಯೋ ಅಲ್ಲಿಗೆ ತೋಟಾನೇ ತಗೊಂಡು ಹೋಗ್ಬಹುದು."

ಬ್ರಿಜ್‌ನ ಬಾಗಿಲು

ಉಳಿದದ್ದು ನಾಟಕಶಾಲೆಯ ಹಿಂಭಾಗ, ಆಮೇಲೆ ಬ್ರಿಜ್. ಇಲ್ಲಿಯವರೆಗೆ ಮೂವರನ್ನೂ ಕಾಪಾಡಿ ತಂದಿದ್ದೆ.

ನಾಟಕಶಾಲೆಯ ಹಿಂದೆ ಮಬ್ಬು ಬೆಳಕಿನ ಇಕ್ಕಟ್ಟು ಓಣಿ. ನೇತುಹಾಕಿದ ಜರಿ ಉಡುಪುಗಳು, ಹಗ್ಗಗಳು, ರಾಟೆಗಳು. ಗೋಡೆಗೆ ಒರಗಿಸಿದ ಒಂದು ದೊಡ್ಡ ಕುಂಡ. ಅದರಲ್ಲಿ ಹಸಿರು ಎಲೆಯ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಮಚ್ಚೆಯ ಒಂದು ಗಿಡ.

ಆ ಗಿಡದ ವಿಷಯ ಹೇಳಬೇಕು. ಅಂಥದ್ದು ನಮ್ಮ ಸುತ್ತಿನಲ್ಲಿ ಇರುವುದು ಕಳಸದ ಒಬ್ಬ ಮಹಿಳೆಯ ಮನೆಯಲ್ಲಿ ಮಾತ್ರ. ಮೂರು ವರ್ಷದಿಂದ ಒಂದು ಕಡ್ಡಿ ಕೇಳುತ್ತಿದ್ದೇನೆ. "ಮಳೆ ಹಿಡೀಲಿ, ಕೊಡ್ತೀನಿ" ಎನ್ನುತ್ತಾರೆ. ಮಳೆ ಹಿಡಿದ ಮೇಲೆ "ಸ್ವಲ್ಪ ಮಳೆ ಬಿಟ್ಟು ಹೊಳವಾಗಲಿ" ಎನ್ನುತ್ತಾರೆ. ನಮ್ಮ ಕಡೆಯ ಹೆಂಗಸರಲ್ಲಿ ಇದಕ್ಕೊಂದು ಪದ್ಧತಿ ಇದೆ: ಯಾರ ಮನೆಗೆ ಹೋದರೂ ಬೇಕಾದ ಗಿಡದ ತುಂಡನ್ನು ಕೇಳದೆ ಮುರಿದು, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಳ್ಳುವುದು. ಕದ್ದು ತಂದದ್ದು ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ ಬೇರೆ. ಮೂಡಿಗೆರೆಯ ಮಹಿಳಾ ಕ್ಲಬ್ಬಿನಲ್ಲಿ ಎದ್ದು ನಿಂತು ಈ ಪದ್ಧತಿಯನ್ನು ಖಂಡಿಸಿದವಳು ನಾನೊಬ್ಬಳೇ.

ನನ್ನ ಕೈ ಏನು ಮಾಡಿತೆಂದು ನನಗೆ ತಿಳಿದದ್ದು ಮಾಡಿ ಮುಗಿಸಿದ ಮೇಲೆ. ಎಲೆ ದಂಟಿನ ಸಮೇತ ಚಟಕ್ಕನೆ ಬಂತು. ಇಷ್ಟು ಸಲೀಸಾಗಿ ಮುರಿಯಬೇಕಾದರೆ ಗಿಡ ಬಹಳ ಆರೋಗ್ಯವಾಗಿದೆ ಎಂದುಕೊಂಡೆ. ಬಾಟಲಿಯ ನೀರಿನಲ್ಲಿ ಕರ್ಚೀಫು ನೆನೆಸಿದ್ದೂ, ಅದರಲ್ಲಿ ಎಲೆ ಸುತ್ತಿದ್ದೂ, ಬ್ಯಾಗಿನ ಜಿಪ್ ಮುಚ್ಚಿದ್ದೂ ಎಲ್ಲವೂ ಎರಡು ಹೆಜ್ಜೆ ನಡೆಯುವಷ್ಟರಲ್ಲಿ.

ಆಮೇಲೆ ಮೆಟ್ಟಿಲು ಹತ್ತಿದೆವು. ಒಂದೊಂದು ಮೆಟ್ಟಿಲಿಗೂ ಬ್ಯಾಗು ಭಾರವಾಯಿತು. ಎಲೆಯನ್ನು ಎಲ್ಲಾದರೂ ಎಸೆಯೋಣವೆಂದರೆ ಹಡಗಿನಲ್ಲಿ ಕಸ ಎಸೆಯುವುದು ನನ್ನಿಂದ ಆಗದ ಕೆಲಸ.

ಬ್ರಿಜ್‌ನ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಕಾವಲುಗಾರ. ಓರಗಿತ್ತಿಯ ಬ್ಯಾಗಿನಿಂದ ಕೋಡುಬಳೆ, ವಿಭೂತಿ, ತಲೆನೋವಿನ ಮುಲಾಮು ಬಂದವು, ಅವಳು ಪಾಸಾದಳು. ನನ್ನ ಬ್ಯಾಗು ತೆರೆದ. ನೀರು ತೊಟ್ಟಿಕ್ಕುವ ಕರ್ಚೀಫನ್ನು ಎರಡು ಬೆರಳಿನಲ್ಲಿ ಎತ್ತಿ ಬಿಡಿಸಿದ.

"ಮೇಡಂ, ಏನನ್ನೂ ತೆಗೆದುಕೊಳ್ಳಬಾರದು ಅಂತ ಹೇಳಿದ್ದೆನಲ್ಲ," ಎಂದಳು ಹುಡುಗಿ. ಅವಳ ಮುಖ ಸಣ್ಣದಾಗಿತ್ತು.

"ನೀನಾ?" ಎಂದರು ಯಜಮಾನರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಪದವನ್ನು ಅವರು ಅಷ್ಟು ಖುಷಿಯಿಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ನಾನು ನೆಟ್ಟಗೆ ನಿಂತೆ. "ಹೌದು. ಮುರಿದದ್ದು ನಾನೇ. ಇವರಿಗೆ ಯಾರಿಗೂ ಗೊತ್ತಿಲ್ಲ. ಇವರನ್ನು ಒಳಗೆ ಬಿಡಿ, ನಾನು ಇಲ್ಲೇ ನಿಲ್ಲುತ್ತೇನೆ," ಎಂದೆ. ಅರೆತೆರೆದ ಬಾಗಿಲಿನಾಚೆ ಆ ಕೋಣೆಯ ಗಾಜು, ಗಾಜಿನಾಚೆ ಸಮುದ್ರ ಕಾಣುತ್ತಿತ್ತು.

ಅಷ್ಟರಲ್ಲಿ ಓರಗಿತ್ತಿ ಎಲೆ ಎತ್ತಿಕೊಂಡಳು. ಉಗುರಿನಿಂದ ಕೆರೆದಳು. ಮೂಸಿದಳು. ಬೆಳಕಿಗೆ ಹಿಡಿದಳು.

"ಅಕ್ಕ..."

"ನೀನು ಸುಮ್ಮನಿರು."

"ಅಲ್ಲ ಅಕ್ಕ, ಇದರ ಹಿಂದೆ ಏನೋ ಚೀಟಿ ಅಂಟಿಸಿದ್ದಾರೆ."

ಕಾವಲುಗಾರ ಇಸಿದುಕೊಂಡು ಗಟ್ಟಿಯಾಗಿ ಓದಿದ: "ಬಿಸಿಲಿಗೆ ಇಡಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ."

ಹುಡುಗಿ ತುಟಿ ಕಚ್ಚಿಕೊಂಡು ನಿಂತಳು. "ಮೇಡಂ, ಅದು ನಾಟಕದ ಸೆಟ್ಟಿನದು. ಪ್ಲಾಸ್ಟಿಕ್," ಎಂದಳು. "ಆ ಎಲೆ ದಿನಕ್ಕೆ ಎರಡು ಸಲ ಕಳಚಿ ಬೀಳ್ತದೆ, ನಾವೇ ಮತ್ತೆ ಸಿಕ್ಕಿಸುವುದು."

"ನೀವು ಒದ್ದೆ ಬಟ್ಟೇಲಿ ಸುತ್ತಿ ತಂದಿದ್ದು ಒಳ್ಳೇದಾಯ್ತು ಅತ್ತಿಗೆ," ಎಂದ ಮೈದುನ. "ಬಾಡಿಲ್ಲ."

ಕಾವಲುಗಾರ ಒಳಗೆ ಒಯ್ಯಬಾರದ ವಸ್ತುಗಳ ತನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದ. ಗಿಡ, ಹೂವು, ಬೀಜ, ಮಣ್ಣು ಇದ್ದವು, ಪ್ಲಾಸ್ಟಿಕ್ ಇರಲಿಲ್ಲ. ಕಳಚಿ ಬೀಳುವ ವಸ್ತುವನ್ನು ಇಲ್ಲೇ ಹಿಂದಿರುಗಿಸಿದ್ದರಿಂದ ತೆಗೆದುಕೊಂಡ ಹಾಗಾಗಲಿಲ್ಲ ಎಂದು ಹುಡುಗಿ ತೀರ್ಪು ಕೊಟ್ಟಳು. ಬಾಗಿಲು ಪೂರ್ತಿ ತೆರೆಯಿತು.

ಒಳಗೆ ಹೋದೆ! ಈ ತುದಿಯಿಂದ ಆ ತುದಿಗೆ ಗಾಜು, ಅದರ ತುಂಬ ನೀಲಿ. ನಾನು ಊಹಿಸಿದ್ದ ದೊಡ್ಡ ಚಕ್ರ ಇರಲಿಲ್ಲ. ಅಷ್ಟು ದೊಡ್ಡ ಹಡಗನ್ನು ಅಂಗೈಯಗಲದ ಒಂದು ಹಿಡಿ ತಿರುಗಿಸುತ್ತಿತ್ತು. ಮಾನವನ್ನು ಹೊರಗೇ ಬಿಟ್ಟು ಬಂದದ್ದು ಮರೆತೇಹೋಯಿತು. ಲಂಗರಿನ ಬಗ್ಗೆ, ದಿಕ್ಸೂಚಿಯ ಬಗ್ಗೆ, ಉಬ್ಬರ ಇಳಿತದ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದೆ. ಕ್ಯಾಪ್ಟನ್ ಬೆರಗಾದರು. "ಮೇಡಂ, ನಿಮಗೆ ಬಹಳ ತಿಳಿದಿದೆ. ನೀವು ನೌಕಾಪಡೆಯ ಕುಟುಂಬದವರೇ?" ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಯಜಮಾನರು ಎದೆಯುಬ್ಬಿಸಿ ಮುಂದೆ ಬಂದರು.

"ಅಲ್ಲ ಸಾರ್. ಇವರ ಲೈನೇ ಬೇರೆ, ಗಿಡಮರ. ನಮ್ಮ ಕಡೆ ಫ್ಲವರ್ ಶೋ ಆದ್ರೆ ಹನ್ನೆರಡು ವರ್ಷದಿಂದ ಇವರೇ ಜಡ್ಜು."

ನನ್ನ ಹಿಂದೆ ಓರಗಿತ್ತಿ, ಮೈದುನ, ಹುಡುಗಿ, ಬಾಗಿಲಲ್ಲಿದ್ದ ಕಾವಲುಗಾರ, ನಾಲ್ವರಿಗೂ ಒಟ್ಟಿಗೇ ಕೆಮ್ಮು ಹತ್ತಿತು. ಕ್ಯಾಪ್ಟನ್ ಗಾಬರಿಯಾಗಿ ಏಸಿ ಕಡಿಮೆ ಮಾಡಿಸಿದರು.