ಮೂರು ತಿಂಗಳಿಗೊಮ್ಮೆ

ಬ್ರೆಡ್ಡಿನ ತುಂಡಿನಲ್ಲಿ ಮಾತ್ರೆ ಅಡಗಿಸಿ ಟೈಲರ್ ತನ್ನ ನಾಯಿ ಪುಟ್ಟಿಯ ಬಾಯಿಗೆ ಹಿಡಿಯುವಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಕಂಪೌಂಡರ್ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಏನ್ ಟೈಲರೇ, ಹೊಸ ಅಂಗಿ! ಹೆಣ್ಣು ನೋಡೋಕೆ ಹೊರಟ್ರಾ?"

ತಬ್ಬಿಬ್ಬಾದ ಟೈಲರ್ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡು ನುಂಗಿಬಿಟ್ಟ.

"ಅಯ್ಯೋ, ಪುಟ್ಟಿ ಮಾತ್ರೆ!"

"ಮೈಯ ನೀರಿಳಿಸೋದಾ? ಏನಾಗಲ್ಲ ಬಿಡಿ, ಒಂದಕ್ಕೆ ಸ್ವಲ್ಪ ಓಡಾಡ್ತೀರಿ ಅಷ್ಟೆ. ಪುಟ್ಟಿನ ತೋರಿಸೋಕೆ ನಾನೂ ಆಸ್ಪತ್ರೆಗೆ ಬರ್ತೀನಿ."

ಪುಟ್ಟಿಗೆ ಹುಟ್ಟಿನಿಂದಲೇ ಹೃದಯದ ಕವಾಟ ಇಕ್ಕಟ್ಟು. ವಾಸಿಯಾಗುವಂಥದ್ದಲ್ಲ, ಸಂಭಾಳಿಸಿಕೊಂಡು ಹೋಗಬೇಕಾದದ್ದು. ಹೊತ್ತುಹೊತ್ತಿಗೆ ಮಾತ್ರೆ, ಉಪ್ಪಿಲ್ಲದ ಊಟ, ಓಟವಿಲ್ಲದ ನಡಿಗೆ. ಮಲಗಿದಾಗ ನಿಮಿಷಕ್ಕೆಷ್ಟು ಉಸಿರೆಂದು ಪುಸ್ತಕದಲ್ಲಿ ಬರೆಯಬೇಕು. ನಾಲ್ಕು ವರ್ಷದಲ್ಲಿ ಟೈಲರ್ ಒಂದು ದಿನವೂ ತಪ್ಪಿಸಿರಲಿಲ್ಲ. ಮೂರು ತಿಂಗಳಿಗೊಮ್ಮೆ ಪಶು ಆಸ್ಪತ್ರೆಯ ಡಾಕ್ಟರಮ್ಮ ಆ ಪುಸ್ತಕ ತಿರುವಿ, ಅಂಚಿನಲ್ಲಿ 'ಚೆನ್ನಾಗಿದೆ' ಎಂದು ಬರೆಯುತ್ತಿದ್ದರು. ಮುಂದಿನ ಮೂರು ತಿಂಗಳು ಅವನು ಆ ಒಂದು ಪದದ ಮೇಲೆಯೇ ಬದುಕುತ್ತಿದ್ದ. ಮಿಷನ್ ತುಳಿಯುತ್ತ ಅದನ್ನೇ ನೆನೆದು ಎಷ್ಟೋ ಗಿರಾಕಿಗಳ ಅಂಗಿಯ ತೋಳನ್ನು ಕಾಲರಿಗೆ ಹೊಲಿದಿದ್ದ. ಇವತ್ತು ಮಾತ್ರ ಕೇಳಿಯೇ ಬಿಡುವುದೆಂದು ಗಟ್ಟಿ ಮಾಡಿದ್ದ: 'ಒಂದು ಸಲ ನಮ್ಮನೆಗೆ ಕಾಫಿಗೆ ಬರ್ತೀರಾ?'

ಪುಟ್ಟಿಗೆ ಇನ್ನೊಂದು ಮಾತ್ರೆ ಕೊಟ್ಟು ಹೊರಟರು. ಆಸ್ಪತ್ರೆಯಲ್ಲಿ ಟೈಲರ್ ಬೆಂಚಿಗೂ ಶೌಚಾಲಯಕ್ಕೂ ನಡುವೆ ಸೂಜಿಯ ಹಾಗೆ ಹೋಗಿ ಬಂದ, ಬಂದು ಹೋದ.

"ಮೊದಲು ಇವರನ್ನ ತೋರಿಸ್ರಪ್ಪಾ," ಎಂದರು ಬೆಕ್ಕು ಹಿಡಿದಿದ್ದ ಅಜ್ಜಿ.

ಐದನೆಯ ಸಲ ಅವನು ಓಡಿ ಬರುವಷ್ಟರಲ್ಲಿ ಡಾಕ್ಟರಮ್ಮ ಆಪರೇಷನ್ನಿಗೆ ಹೋಗಿಯಾಗಿತ್ತು. ಕಂಪೌಂಡರ್ ಪುಟ್ಟಿಯನ್ನು ಎತ್ತಿಕೊಂಡು ನಗುತ್ತ ನಿಂತಿದ್ದರು.

"ನಾನೇ ತೋರಿಸ್ದೆ. ಪುಟ್ಟಿ ಗಟ್ಟಿ! ಮಾತ್ರೆ ಇದ್ದದ್ದೇ, ಆದ್ರೆ ಇನ್ಮೇಲೆ ವರ್ಷಕ್ಕೊಂದು ಸಲ ಬಂದ್ರೆ ಸಾಕಂತೆ."

ಟೈಲರನ ಮುಖ ಮೊದಲ ಒಗೆತಕ್ಕೇ ಕುಗ್ಗಿದ ಬಟ್ಟೆಯಂತಾಯಿತು. "ನನ್ನ ಬಗ್ಗೆ... ಏನೂ ಕೇಳ್ಲಿಲ್ವಾ?"

"ಕೇಳಿದ್ರು. ಒಂದು ವರ್ಷ ನೋಡ್ದೆ ಹೇಗಿರೋದು, ಭಾನುವಾರ ಬಿಡುವು, ನಾನೇ ವಾರವಾರ ಮನೆಗೆ ಬಂದು ನೋಡ್ಲಾ, ಟೈಲರ್ ತಪ್ಪು ತಿಳ್ಕೊಳ್ಳಲ್ಲ ತಾನೇ ಅಂತ ನಾಚ್ಕೊಂಡೇ ಕೇಳಿದ್ರು, ಪಾಪ."

ಟೈಲರ್ ಅವರ ತೋಳು ಹಿಡಿದುಕೊಂಡ. "ನೀವೇನಂದ್ರಿ?"

"ಭಾನುವಾರವೂ ಅವರಿಗೆ ಕೆಲಸ ಕೊಡೋಕಾಗುತ್ತಾ? ನೀವು ಆರಾಮಾಗಿರಿ ತಾಯಿ, ಭಾನುವಾರ ಪೂರ್ತಿ ನಾನೇ ಟೈಲರ್ ಮನೇಲಿ ಕೂತಿರ್ತೀನಿ, ಅಂದ್ಬಿಟ್ಟೆ!"